ಎಡಗಡೆಯ ಖಾಲಿ ಜಾಗ

ಒಂದು ಭಾನುವಾರ ರಾಯಚೂರಿನಿಂದ ಜೀಪು ಹತ್ತಿದವರು ನಾವು ಮೂವರು. ಅಕ್ಕಿ ಗಿರಣಿಯ ಬಸಣ್ಣ, ಕಾಲೇಜಿನಲ್ಲಿ ಪಾಠ ಹೇಳುವ ಮಾರೆಪ್ಪ ಸರ್, ನಾನು. ಇದು ನಮ್ಮ ಫೋಟೋ ಬಳಗ. (ಕ್ಯಾಮೆರಾಗಳೂ ದೊಡ್ಡವು, ಹೊಟ್ಟೆಗಳೂ ದೊಡ್ಡವು.) ದಾರಿ ಬಳಸಿ ಬಾಗಲವಾಡಕ್ಕೆ ಹೋಗಿ ಮಾರೆಪ್ಪನವರ ತಾಯಿ ಹುಲಿಗೆವ್ವನನ್ನೂ ಹತ್ತಿಸಿಕೊಂಡೆವು. ಜೀವನವೆಲ್ಲ ಹೊಲದ ಕೂಲಿ ಮಾಡಿ ಮಗನನ್ನು ಓದಿಸಿದ ತಾಯಿ.

ಹೊರಟಿದ್ದು ದೇವದುರ್ಗಕ್ಕೆ. ಅಲ್ಲಿನ ಯುವಕರು ಬಯಲಿನಲ್ಲಿ ಒಂದು ದಿನದ ಮಟ್ಟಿಗೆ ‘ಹಿಂದಿನ ಊರು’ ಕಟ್ಟಿದ್ದರು. ಬೀಸುವ ಕಲ್ಲು, ಕುಂಬಾರನ ತಿಗರಿ, ನಡುವೆ ಒಂದು ಬಾವಿ. (ಬಾವಿಯೆಂದರೆ ಸಿಮೆಂಟ್ ರಿಂಗು. ಒಳಗೆ ಡ್ರಮ್ಮಿನಲ್ಲಿ ನೀರು.) ಇಳಕಲ್ ಸೀರೆ ಉಟ್ಟ ಕಾಲೇಜು ಹುಡುಗಿಯರು ನೀರು ಸೇದುತ್ತಿದ್ದರು. ನಾವು ಬಿಡುತ್ತೇವೆಯೇ? ಕ್ಲಿಕ್ ಮೇಲೆ ಕ್ಲಿಕ್.

ಆಯೋಜಕರ ಕಣ್ಣು ಹುಲಿಗೆವ್ವನ ಮೇಲೆ ಬಿತ್ತು. ಹಿಂದಿನ ಕಾಲದವರೇ ಸಿಕ್ಕರಲ್ಲ ಎಂದು ಖುಷಿಪಟ್ಟು ಕೈಗೊಂದು ತಾಮ್ರದ ಕೊಡ ಕೊಟ್ಟರು. ಆಗ ಹೆಂಗಿತ್ತೋ ಹಂಗೇ ಮಾಡಿ ತೋರಿಸಿ ಎಂದರು.

ಆಕೆ ನಡೆದಳು. ಬಾವಿ ಇನ್ನೂ ದೂರವಿದ್ದಾಗಲೇ ನಿಂತಳು. ಕೊಡ ನೆಲಕ್ಕಿಟ್ಟು ಹಿಂದೆ ಸರಿದಳು. ಸೆರಗು ತಲೆ ಮೇಲೆ ಎಳೆದುಕೊಂಡಳು.

“ಯವ್ವಾ, ಇನ್ನೊಂದೀಟು ಹತ್ರ ಹೋಗ್ರಿ. ಬಾವಿ ಜೋಡಿ ಫ್ರೇಮಿನ್ಯಾಗ ಬರವಲ್ರಿ,” ಎಂದ ಬಸಣ್ಣ.

“ಆಗ ಹೆಂಗಿತ್ತೋ ಹಂಗ ಮಾಡು ಅಂದ್ರಲ್ಲಪಾ. ಆಗ ನಾವು ಇಲ್ಲೇ ನಿಂದರತಿದ್ವಿ. ಯಾರರ ಬಂದು ನೀರು ಹಾಕೋ ತನಕ.”

ಹಗ್ಗ ಹಿಡಿದ ಹುಡುಗಿ ನೀರು ಹಾಕಬೇಕೋ ಬೇಡವೋ ತಿಳಿಯದೆ ನಮ್ಮ ಮುಖ ನೋಡಿದಳು. ಒಳ್ಳೆ ದಿನ ಅದೆಲ್ಲ ಯಾಕೆ ಎಂದು ಆಯೋಜಕರು ಗೊಣಗಿದರು. ಮಾರೆಪ್ಪ ಸರ್ ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಎತ್ತಿದರು. ಒಂದೇ ಒಂದು ಫೋಟೋ. ಬಲಕ್ಕೆ ಬಾವಿ, ಎಡ ತುದಿಗೆ ತಾಯಿ.

ವಾಪಸು ಬರುವಾಗ ಜೀಪಿನಲ್ಲಿ ಹುಲಿಗೆವ್ವ ಒಮ್ಮೆ ಕೇಳಿದಳು: “ಮಾರ್ಯಾ, ನಾ ಬಂದೀನೇನು ಅದ್ರಾಗ?”

“ಬಂದೀದಿ ಬೇ ಯವ್ವಾ.”

ಆಕೆಯನ್ನು ಮನೆಗೆ ಬಿಟ್ಟ ಮೇಲೆ ಮಾರೆಪ್ಪ ಸರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ತಾಯಿ ಇದನ್ನು ಎಂದೂ ತಮಗೆ ಹೇಳಿರಲಿಲ್ಲ. ರಾಯಚೂರಿನಲ್ಲಿ ನಡೆಯಲಿರುವ ನಮ್ಮ ಬಳಗದ ಪ್ರದರ್ಶನಕ್ಕೆ ತಮ್ಮದು ಇದೊಂದೇ ಫೋಟೋ. ಗೋಡೆಯ ಮೇಲೆ ಆಕೆ ತನ್ನನ್ನು ನೋಡಿಕೊಳ್ಳಬೇಕು, ಊರೂ ನೋಡಬೇಕು.

ಪ್ರಿಂಟು, ಫ್ರೇಮು ಎಲ್ಲ ಎಂದಿನಂತೆ ಬಸಣ್ಣನ ಜವಾಬ್ದಾರಿ. ಪ್ರದರ್ಶನದ ದಿನ ನೋಡಿದರೆ, ಫೋಟೋದಲ್ಲಿ ಬಾವಿ ಇದೆ, ಇಳಕಲ್ ಸೀರೆಗಳಿವೆ. ಹುಲಿಗೆವ್ವ ಇಲ್ಲ.

ಬಸಣ್ಣ ಕೆಟ್ಟವನಲ್ಲ. ಮಾರೆಪ್ಪನವರಿಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದ. “ನಡುವ ಖಾಲಿ ಜಾಗ ಬಾಳ ಇತ್ರಿ ಸರ್. ಕಣ್ಣಿಗೆ ಚುಚ್ಚತಿತ್ತು. ಎಡಗಡಿ ಕ್ರಾಪ್ ಮಾಡೀನಿ. ಈಗ ನೋಡ್ರಿ, ಎಷ್ಟು ಚಂದ ಕುಂತದ.”

ಆ ಖಾಲಿ ಜಾಗ ತಾನಾಗಿ ಬಿದ್ದದ್ದೇ? ಯಾರೂ ದೂರ ಇಡದೆ ಅಷ್ಟು ಅಂತರ ಎಲ್ಲಿಂದ ಬಂತು? ಫೋಟೋ ಚಂದ ಕಾಣಲೆಂದು ನಾವು ಇನ್ನೂ ಏನೇನು ಕತ್ತರಿಸಿದ್ದೇವೋ.

ಬೇರೆ ಪ್ರಿಂಟು ತರಿಸಲು ಹೊತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹುಲಿಗೆವ್ವ ಬಂದಳು. ಹೊಸ ಸೀರೆ ಉಟ್ಟಿದ್ದಳು. ಫೋಟೋದ ಮುಂದೆ ಬಹಳ ಹೊತ್ತು ನಿಂತು ಹುಡುಕಿದಳು.

ಆಕೆ ಫ್ರೇಮಿನಿಂದಾಚೆ ಎಡಕ್ಕೆ, ಬರಿ ಗೋಡೆಯ ಮೇಲೆ ಬೆರಳಿಟ್ಟು ಹೇಳಿದಳು: “ನಾ ಇಲ್ಲಿ ನಿಂತಿದ್ದೆ ನೋಡು.”