ಏಳನೇ ಗೂಟದ ಕೂಗು

ಇವತ್ತು ಅಲಕಾಯಿ ಕಾಡಿನಲ್ಲಿ ಮಳೆಯಿಲ್ಲ. ಒಹಿಯಾ ಮರಗಳ ಪಾಚಿಯಿಂದ ಮಂಜು ಮಾತ್ರ ತೊಟ್ಟಿಕ್ಕುತ್ತಿದೆ. ಕವಾಯಿ ದ್ವೀಪದ ಈ ನೆತ್ತಿಯಲ್ಲಿ ಇಂಥ ಬೆಳಗು ಅಪರೂಪ. ಉಲುಲಾನಿ ಕಹೋಕು ಬೂಟಿನ ಮಣ್ಣು ಉಜ್ಜಿ ತೊಳೆದು, ಒಳಗೆ ಬರಲು ಕಾಡಿನ ಅಪ್ಪಣೆ ಬೇಡುವ ಹಾಡನ್ನು ಮೆಲ್ಲಗೆ ಹೇಳಿ ಕಾಯುತ್ತಾರೆ. ಗಾಳಿ ಎಲೆ ಅಲ್ಲಾಡಿಸಿದ ಮೇಲೆಯೇ ಅವರು ಹೆಜ್ಜೆ ಇಡುವುದು. ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆ ನಡೆಯುತ್ತೇನೆ.

ಅರವತ್ತೊಂದರ ಉಲುಲಾನಿಯವರದು ಹಕ್ಕಿ ಎಣಿಸುವ ಕೆಲಸ, ಅದೂ ಕಿವಿಯಿಂದ. ದಾರಿಯುದ್ದಕ್ಕೂ ಗುರುತಿಗೆ ನೆಟ್ಟ ಗೂಟಗಳು, ಬೆಳಗಿಗೆ ಹನ್ನೆರಡು. ಒಂದೊಂದರ ಬಳಿಯೂ ಪ್ರಾರ್ಥನೆಗೆ ನಿಂತವರ ಹಾಗೆ ಎಂಟು ನಿಮಿಷ ನಿಂತು, ಕೇಳಿದ್ದನ್ನಷ್ಟೇ ಬರೆಯಬೇಕು. ಮೂವತ್ತು ವರ್ಷದ ಹಿಂದೆ ಒಂದೇ ಗೂಟದಲ್ಲಿ ಇಪ್ಪತ್ತು ಇಇವಿ ಹಕ್ಕಿಗಳು ಕೇಳಿಸುತ್ತಿದ್ದವು. ಕೆಂಡದ ಮೈ, ಕುಡುಗೋಲಿನಂಥ ಕೊಕ್ಕು. ಸೆಕೆ ಏರಿದಂತೆ ಸೊಳ್ಳೆಯೂ ಬೆಟ್ಟ ಏರಿತು. ಕಚ್ಚಿಸಿಕೊಂಡ ಹಕ್ಕಿಗಳು ಜ್ವರಕ್ಕೆ ಉದುರಿದವು. ಈ ಕಣಿವೆಯಲ್ಲಿ ಮೂರು ವರ್ಷದಿಂದ ಇಇವಿಯ ಸದ್ದಿಲ್ಲ. ಎದುರು ದಿಬ್ಬದಲ್ಲಿ ಎಣಿಸುತ್ತಿದ್ದ ಗಂಡನೂ ಈಗಿಲ್ಲ.

ಏಳನೇ ಗೂಟದಲ್ಲಿ ಎಂಟು ನಿಮಿಷ ಮುಗಿಯುತ್ತದೆ. ಉಲುಲಾನಿ ತುಟಿ ಬಿಗಿದು, ಎಣ್ಣೆ ಕಾಣದ ಬಾಗಿಲಿನಂತೆ ಒಮ್ಮೆ ಕಿರುಗುಟ್ಟುತ್ತಾರೆ. ಇಇವಿಯ ಕೂಗು ಥೇಟ್ ಹಾಗೇ. ಉತ್ತರವಿಲ್ಲ.

ಸ್ವಲ್ಪ ಹೊತ್ತಿಗೆ ಎದುರು ದಿಬ್ಬದಿಂದ ಮಕೋವಾ ಏದುಸಿರು ಬಿಡುತ್ತಾ ಬರುತ್ತಾನೆ. ನಲವತ್ತೈದರವನು, ಬಸ್ ಓಡಿಸುವುದು ಬಿಟ್ಟು ಈ ಕೆಲಸಕ್ಕೆ ಸೇರಿದವನು.

"ಆಂಟಿ, ಇಇವಿ ಕೂಗ್ತು! ಬರ್ದೇಬಿಟ್ಟೆ! ಹೆಲಿಕಾಪ್ಟರ್ ಇನ್ನು ನಮ್ಮ ಕಣಿವೆಗೇ!"

ಸೊಳ್ಳೆ ತಡೆಯುವ ಹೆಲಿಕಾಪ್ಟರ್ ಈ ಬೇಸಿಗೆ ಒಂದೇ ಕಣಿವೆಗೆ ಹಾರುವುದು; ಕಾಣೆಯಾದ ಹಕ್ಕಿ ಮರಳಿದ ಕಣಿವೆಗೇ ಮೊದಲ ಸರದಿ. ಹಕ್ಕಿಯಿಲ್ಲದ ಕಡೆ ಎಣಿಕೆಯೂ ನಿಲ್ಲುತ್ತದೆ.

"ಅದು ನಾನು ಕಣಪ್ಪ."

"ತಮಾಷೆ ಬೇಡ ಆಂಟಿ."

ಅವರು ಮತ್ತೊಮ್ಮೆ ಕೂಗಿ ತೋರಿಸುತ್ತಾರೆ. ಮಕೋವಾ ಕಾಲುದಾರಿಗೆ ಹಾಸಿದ ಒದ್ದೆ ಹಲಗೆಯ ಮೇಲೆ ಕುಸಿಯುತ್ತಾನೆ.

"ಎಣಿಸೋಕೆ ಬಂದೋರೇ ಕೂಗೋದಾ? ಬಸ್ಸಲ್ಲೂ ನಂಗೆ ಇಂಥ ಟೋಪಿ ಯಾರೂ ಹಾಕಿರ್ಲಿಲ್ಲ!"

"ತಪ್ಪಾಯ್ತು. ನೀನೂ ಮುಗಿಸಿರ್ತೀಯ ಅಂದ್ಕೊಂಡೆ."

"ತಡವಾಗಿ ಶುರು ಮಾಡಿದ್ದೆ. ಹೋಗ್ಲಿ, ಹಾಗೇ ಬಿಡೋಣ. ಇಲ್ದಿದ್ರೆ ನೀವೂ ಮನೆಗೆ, ನಾನೂ ಮನೆಗೆ."

"ಆಚೆ ಕಣಿವೇಲಿ ಹನ್ನೊಂದು ಹಕ್ಕಿ ನಿಜವಾಗ್ಲೂ ಕೂಗ್ತಾ ಇವೆ. ಅವುಗಳ ಪಾಲು ಕಿತ್ಕೊಂಡು ನನ್ನ ಗಂಟಲಿಗೆ ಕೊಡಿಸ್ತೀಯೇನೋ?"

ಮಕೋವಾ ಜೇಬಿನಿಂದ ಎಣಿಕೆಯ ಹಾಳೆ ತೆಗೆಯುತ್ತಾನೆ.

ಹಾಗಾದರೆ ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ. ಉಲುಲಾನಿ ಮರದ ತುದಿ ನೋಡುತ್ತಾರೆ. "ಒಂದೇ ಒಂದು ಹಕ್ಕಿ ಸಿಟ್ಟು ಮಾಡ್ಕೊಂಡು, 'ಯಾರೇ ಅದು, ನನ್ನ ಮರದಲ್ಲಿ?' ಅಂತ ನನ್ನ ಬೈಬೇಕು. ಅಷ್ಟೇ."

ಮಕೋವಾ ಬರೆದದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಹಾಕುತ್ತಾನೆ. ಹೆಲಿಕಾಪ್ಟರನ್ನು ಆಚೆ ಕಣಿವೆಯ ಹನ್ನೊಂದು ಹಕ್ಕಿಗಳಿಗೆ ಬಿಟ್ಟುಕೊಡುವ ಆ ಹಾಳೆಯನ್ನು ತಲೆ ಎತ್ತದೆ ಉಲುಲಾನಿಯವರ ಕೈಗೆ ಕೊಡುತ್ತಾನೆ.