ಫಾರ್ಮ್ಯಾಟ್ ಮಾಡದ ಚೋಂದಮ್ಮ

ಬೆಳಗಿನ ಆರು ಗಂಟೆ. ದೆಹಲಿಯ ಜನಕಪುರಿಯಲ್ಲಿ ಹಾಲಿನ ಬೂತಿನ ಮುಂದೆ ಸಾಲು ಇನ್ನೂ ಬೆಳೆದಿಲ್ಲ. ಸ್ಕೂಟಿಯನ್ನು ಬೇವಿನ ಮರದಡಿ ನಿಲ್ಲಿಸಿ, ಮೂರನೇ ಮಹಡಿ ಹತ್ತಿ, ಚಪ್ಪಲಿ ಕಳಚಿದ ಕಂಪ್ಯೂಟರ್ ರಿಪೇರಿಯ ಚೋಂದಮ್ಮ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನೇರವಾಗಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಾಫಿ ಬೇಕೇ ಎಂದರೆ ಕೈಯಾಡಿಸುತ್ತಾರೆ. "ಇವರ ಪ್ಲಾನಲ್ಲಿ ಬೆಳಗ್ಗೆ ಎಂಟು ಗಂಟೆವರೆಗೆ ಇಂಟರ್ನೆಟ್ ಪುಕ್ಕಟೆ, ಆಮೇಲೆ ಮೀಟರ್ ಓಡುತ್ತೆ. ಕಾಫಿ ಆಮೇಲೂ ಪುಕ್ಕಟೆಯೇ ಅಲ್ವಾ?"

ಇದು ವೈಜಯಂತಿ ಅವರ ಮನೆ. ಪತಿ ಚಂದ್ರಕಾಂತ ಕೇಂದ್ರ ಸರ್ಕಾರಿ ನೌಕರರು. ಭಾನುವಾರಗಳಂದು ವೈಜಯಂತಿ ದೆಹಲಿಯಲ್ಲೇ ಹುಟ್ಟಿದ ನಮ್ಮ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಅಮ್ಮ ಕನ್ನಡದಲ್ಲಿ ಬೈದರೆ ಅರ್ಥವಾಗಿ, ಹಿಂದಿಯಲ್ಲಿ ಎದುರು ಮಾತಾಡುವ ಮಕ್ಕಳು. ಅವರಿಗೆಂದೇ ನಾಲ್ಕು ತಿಂಗಳು ಕೂತು ಒಂದು ಪಾಠಪುಸ್ತಕ ಬೆರಳಚ್ಚು ಮಾಡಿದ್ದಾರೆ. ಒಯ್ಯಲು ಪ್ರೆಸ್ಸಿನವನು ಇವತ್ತು ಒಂಬತ್ತಕ್ಕೆ ಬರುತ್ತಾನೆ. ತಪ್ಪಿದರೆ ಮದುವೆ ಕಾಗದಗಳ ಕಾಲ ಶುರು, ಆಮೇಲೆ ಅವನು ಕೈಗೆ ಸಿಗುವುದಿಲ್ಲ. ಪುಸ್ತಕವಿಲ್ಲದ ತರಗತಿಗೆ ಕಳೆದ ವರ್ಷ ಮಕ್ಕಳು ಒಬ್ಬೊಬ್ಬರೇ ಬರುವುದು ಬಿಟ್ಟಿದ್ದರು.

ನಿನ್ನೆ ಸಂಜೆ ಆಂಟಿವೈರಸ್ ಕೆಂಪು ಪೆಟ್ಟಿಗೆ ತೋರಿಸಿ, ಕಳ್ಳ ಸಿಕ್ಕಿದ್ದಾನೆಂದು ಕೂಗಿಕೊಂಡಿತು. ಸಿಕ್ಕಿದ್ದು ಕನ್ನಡ ಟೈಪಿಂಗ್ ತಂತ್ರಾಂಶ. ನಾವು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸಿ ಅದು ಕನ್ನಡ ಅಕ್ಷರ ಕೊಡುತ್ತದೆ; ಪಾಸ್‌ವರ್ಡ್ ಕದಿಯುವ ವೈರಸ್ಸೂ ಹಾಗೆಯೇ ಕೀಲಿಗಳ ಮೇಲೆ ಕಣ್ಣಿಡುತ್ತದೆ. ಆಂಟಿವೈರಸ್ಸಿಗೆ ವ್ಯತ್ಯಾಸ ತಿಳಿಯಲಿಲ್ಲ. ಗಾಬರಿಯಾದ ಚಂದ್ರಕಾಂತ ತಂತ್ರಾಂಶವನ್ನೇ ಕಿತ್ತುಹಾಕಿದರು. ಅದರ ಜೊತೆ ಕನ್ನಡದ ಫಾಂಟ್‌ಗಳೂ ಹೋದವು. ಇಡೀ ಪುಸ್ತಕ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳ ರಾಶಿಯಾಯಿತು.

"ಎಲ್ಲಾ ವೈರಸ್ ತಿಂದುಬಿಡ್ತು" ಎನ್ನುತ್ತಾರೆ ವೈಜಯಂತಿ. ರಾತ್ರಿ ನಿದ್ದೆಯಿಲ್ಲದ ಕಣ್ಣು.

"ತಿಂದಿಲ್ಲ ಅಕ್ಕಾ, ವೇಷ ಬದಲಾಗಿದೆ ಅಷ್ಟೇ. ಯಾವುದನ್ನೂ ಸೇವ್ ಮಾಡಬೇಡಿ, ಮುಟ್ಟಬೇಡಿ." ಚೋಂದಮ್ಮ ಪರದೆಯ ಮೂಲೆ ನೋಡುತ್ತಾರೆ. "ಸಾರ್, ಇದರಲ್ಲಿ ಎರಡು ಆಂಟಿವೈರಸ್ ಇದೆಯಲ್ಲ?"

"ಒಂದು ಆಫೀಸಿನ ಸ್ನೇಹಿತ ಕೊಟ್ಟಿದ್ದು. ಇನ್ನೊಂದು ನೆಹರೂ ಪ್ಲೇಸಿನಿಂದ ತಂದೆ. ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡೀಲಿ ಅಂತ."

"ಒಂದನ್ನೊಂದು ಹಿಡ್ಕೊಂಡು ಕೂತಿವೆ. ಒಂದೇ ಗೇಟಿಗೆ ಜಗಳಗಂಟ ಚೌಕೀದಾರರು ಇಬ್ಬರಿದ್ದರೆ ಮನೆಯವರೇ ಒಳಗೆ ಬರೋಕಾಗಲ್ಲ."

"ಬಾಗಿಲಿಗೂ ಮೂರು ಬೀಗ ಇವರದು" ಎಂದು ವೈಜಯಂತಿ ಸಮಯ ನೋಡಿ ಚುಚ್ಚುತ್ತಾರೆ. "ಅದಕ್ಕೇ ಇದು ಇಷ್ಟು ನಿಧಾನ. ಒಂದು ವರ್ಷದಿಂದ ಇದನ್ನ ಆನ್ ಮಾಡಿ ಹೋಗಿ ಅನ್ನಕ್ಕಿಡ್ತೀನಿ. ಕುಕ್ಕರ್ ಮೊದಲು ಕೂಗುತ್ತೆ."

"ಫಾರ್ಮ್ಯಾಟ್ ಮಾಡಿಸಿಬಿಡಿ ಅಂದ ನಮ್ಮ ಸ್ನೇಹಿತ..." ಎಂದು ಚಂದ್ರಕಾಂತ ರಾಗ ಎಳೆಯುತ್ತಾರೆ.

"ಆ ಮಾತೊಂದು ನನ್ನೆದುರು ಬೇಡ ಸಾರ್."

ಆ ಮಾತಿಗೆ ಚೋಂದಮ್ಮನ ಬಳಿ ಹಳೆಯ ಲೆಕ್ಕವಿದೆ. ಊರು ವಿರಾಜಪೇಟೆಯ ಹತ್ತಿರ. ಗಂಡ ಪೊನ್ನಣ್ಣ ಸೇನೆಯಲ್ಲಿ ಸುಬೇದಾರ್, ಈಗ ಈಶಾನ್ಯದಲ್ಲಿದ್ದಾರೆ. ಇಲ್ಲಿ ದೆಹಲಿಯ ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ ತಾಯಿ, ಮಗಳು ಇಬ್ಬರೇ. ೨೦೦೩ರಲ್ಲಿ ಅವರ ಮನೆಯ ಕಂಪ್ಯೂಟರ್ ನಿಧಾನವಾಯಿತು. ಬಂದ ಮೆಕ್ಯಾನಿಕ್ ಕೇಳದೆ ಫಾರ್ಮ್ಯಾಟ್ ಮಾಡಿದ, ಒಳಗಿದ್ದದ್ದನ್ನೆಲ್ಲ ಅಳಿಸಿದ. ಪೊನ್ನಣ್ಣ ರಜೆಗೆ ಬಂದಾಗ ತೆಗೆದು ತುಂಬಿಸಿಟ್ಟಿದ್ದ ಮಗಳ ಫೋಟೋಗಳೆಲ್ಲ ಹೋದವು. "'ನೋಡಿ ಭಾಭೀಜಿ, ಹೆಂಗೆ ಓಡ್ತಿದೆ' ಅಂತ ಖುಷಿಯಾಗಿ ತೋರಿಸಿದ. ಓಡದೇ ಏನು, ಹೊರೆಯನ್ನೆಲ್ಲ ಬೀದಿಗೆ ಸುರಿದ ಗಾಡಿ!"

ಅತ್ತು ಮುಗಿಸಿ, ಲಕ್ಷ್ಮೀ ನಗರದ ಒಂದು ಹಾರ್ಡ್‌ವೇರ್ ತರಗತಿಗೆ ಸೇರಿದರು. ಮೊದಲ ದಿನ ಬಾಗಿಲಲ್ಲೇ ಒಬ್ಬ ತಡೆದು, ಬ್ಯೂಟಿ ಪಾರ್ಲರ್ ಕೋರ್ಸ್ ಮೇಲಿನ ಮಹಡಿ ಎಂದನಂತೆ. "ಅಚ್ಛಾ, ಮೊದಲು ಇಲ್ಲಿ ಕಲಿತು ಆಮೇಲೆ ನಿನ್ನ ಮುಖ ತೊಳೆಯೋಕೆ ಅಲ್ಲಿಗೆ ಹೋಗ್ತೀನಿ ಅಂದೆ." ಈಗ ದಿನಕ್ಕೆ ನಾಲ್ಕು ಮನೆ, ಬಹುಪಾಲು ಇದೇ ಆಂಟಿವೈರಸ್ಸಿನ ಗೋಳು. ಗಂಡಸರು ಆಫೀಸಿಗೆ ಹೋದ ಮೇಲೂ ಹೆಂಗಸರು ಧೈರ್ಯವಾಗಿ ಬಾಗಿಲು ತೆಗೆಯುತ್ತಾರೆ ಎಂಬುದು ಇವರ ಕಸುಬಿಗೆ ಒದಗಿದ ಅನುಕೂಲ.

ಏಳು ದಾಟಿದೆ. ಟೈಪಿಂಗ್ ತಂತ್ರಾಂಶ ಇಂಟರ್ನೆಟ್ಟಿನಿಂದ ಮತ್ತೆ ಇಳಿಯುತ್ತದೆ. ಇಳಿದ ಕೂಡಲೇ ಕೆಂಪು ಪೆಟ್ಟಿಗೆ ಮೇಲೆದ್ದು ಅದನ್ನು ಹಿಡಿದೊಯ್ಯುತ್ತದೆ. ಚೋಂದಮ್ಮ ನಾಲಿಗೆ ಕಚ್ಚಿಕೊಳ್ಳುತ್ತಾರೆ. "ನನ್ನದೇ ಅವಸರ. ಚೌಕೀದಾರನಿಗೆ ಹೇಳದೆ ನೆಂಟರನ್ನ ಕರೆದೆ."

ಮೊದಲು ಒಂದು ಆಂಟಿವೈರಸ್ ತೆಗೆಯಲು ಹೊರಡುತ್ತಾರೆ. ಅದು ಅರ್ಧಕ್ಕೆ ನಿಂತು, ಕಂಪ್ಯೂಟರೇ ಕಲ್ಲಾಗುತ್ತದೆ. ಚಂದ್ರಕಾಂತ ಸ್ವಿಚ್ಚಿನ ಕಡೆ ಕೈ ಚಾಚುತ್ತಾರೆ. "ಬೇಡ ಸಾರ್, ಕೆಲಸದ ನಡುವೆ ಕತ್ತು ಹಿಚುಕಬಾರದು. ಕಾಯೋಣ." ಕಾಯುವಾಗ ಅವರು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ವೈಜಯಂತಿ ತಂದ ಕಾಫಿ ಪಕ್ಕದಲ್ಲಿ ಕೆನೆಗಟ್ಟುತ್ತದೆ. ಕೊನೆಗೆ ಒಂದು ಕಾವಲು ತೊಲಗುತ್ತದೆ. ಉಳಿದ ಇನ್ನೊಂದಕ್ಕೆ, ಇವನು ನಮ್ಮವನು, ಬಿಡು ಎಂದು ತಂತ್ರಾಂಶದ ಗುರುತು ಹೇಳಿಕೊಟ್ಟು ಮತ್ತೆ ಇಳಿಸುತ್ತಾರೆ. ಈ ಸಲ ಕೆಂಪು ಪೆಟ್ಟಿಗೆ ಏಳುವುದಿಲ್ಲ.

ಪುಸ್ತಕ ತೆರೆಯುತ್ತದೆ. ಕೊಕ್ಕೆಗಳೆಲ್ಲ ಕನ್ನಡವಾಗಿವೆ. 'ನನ್ನ ಹೆಸರು ಸ್ಫೂರ್ತಿ. ನಿನ್ನ ಹೆಸರೇನು?' ಎಂಬುದು ಮೊದಲ ಪಾಠ. ವೈಜಯಂತಿ ಕೊನೆಯ ಪುಟದವರೆಗೆ ಸರಿಸಿ ನೋಡಿ, ಕುರ್ಚಿಗೆ ಒರಗುತ್ತಾರೆ.

ಒಂಬತ್ತಕ್ಕೆ ಪ್ರೆಸ್ಸಿನವನು ಬಂದು ಪೆನ್ ಡ್ರೈವ್ ಚಾಚುತ್ತಾನೆ. "ಇಲ್ಲಿ ಕೊಡಿ ಭಯ್ಯಾ, ಮೊದಲು ತಪಾಸಣೆ" ಎನ್ನುತ್ತಾರೆ ಚೋಂದಮ್ಮ. ಚುಚ್ಚಿದ್ದೇ ತಡ ಕೆಂಪು ಪೆಟ್ಟಿಗೆ ಒಂದರ ಮೇಲೊಂದು. ಈ ಸಲ ನಿಜವಾದ ಕಳ್ಳರು, ಊರ ಪ್ರೆಸ್ಸುಗಳನ್ನೆಲ್ಲ ಸುತ್ತಿ ಬಂದವರು. "ನೋಡಿದ್ರಾ ಸಾರ್? ಕಾವಲು ಬೇಡ ಅಂತ ನಾನು ಹೇಳಲಿಲ್ಲ. ಒಂದು ಸಾಕು ಅಂದೆ." ಪೆನ್ ಡ್ರೈವನ್ನು ತೊಳೆದು, ಪುಸ್ತಕದ ಜೊತೆ ಫಾಂಟನ್ನೂ ಹಾಕಿಕೊಡುತ್ತಾರೆ. ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ಮತ್ತೆ ಕೊಕ್ಕೆಗಳೇ.

"ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ" ಎನ್ನುತ್ತಾರೆ ವೈಜಯಂತಿ.

"ಬೇಡಕ್ಕಾ. ಒಂದು ಪ್ರತಿ ಕೊಡಿ. ನಮ್ಮ ಮಗಳು ಅಪೂರ್ವಳಿಗೆ ಮನೇಲಿ ಕೊಡವ ಭಾಷೆ, ಬೀದೀಲಿ ಹಿಂದಿ. ಕನ್ನಡಕ್ಕೆ ಜಾಗವೇ ಸಿಕ್ಕಿಲ್ಲ."

ಬೇಡವಾದ ಆಂಟಿವೈರಸ್ ಸಿಡಿ ಏನು ಮಾಡಲಿ ಎಂದು ಚಂದ್ರಕಾಂತ ಸಪ್ಪಗೆ ಕೇಳುತ್ತಾರೆ. "ಬಾಲ್ಕನೀಲಿ ನೇತುಹಾಕಿ ಸಾರ್, ಹೊಳಪಿಗೆ ಪಾರಿವಾಳ ಬರಲ್ಲ. ಅಲ್ಲಿ ಚೆನ್ನಾಗಿ ಕಾಯುತ್ತೆ."

ಆರಿದ ಕಾಫಿಯನ್ನು ನಿಂತೇ ಕುಡಿದು ಮೆಟ್ಟಿಲಿಳಿಯುತ್ತಾರೆ. ಆಸೆ ಏನಾದರೂ ಉಂಟೇ ಎಂದು ನಾನು ಕೇಳಿದರೆ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಹೇಳುತ್ತಾರೆ.

"ಒಂದು ಸಲ ಹೋದ ಮನೆಯವರು ಮತ್ತೆ ಕೆಲಸಕ್ಕೆ ಕರೀಬಾರದು, ಕಾಫಿಗೆ ಕರೀಬೇಕು. ಆಮೇಲೆ ಇನ್ನೊಂದು. ನಾನು ಮುಟ್ಟಿದ ಕಂಪ್ಯೂಟರಿನಿಂದ ಇವತ್ತಿನವರೆಗೆ ಯಾರ ಮಗುವಿನ ಫೋಟೋನೂ ಹೋಗಿಲ್ಲ. ಅದು ಹಂಗೇ ನಡೀಲಿ."