ಮೊದಲ ಗುಳ್ಳೆಗೂ ಮುನ್ನ

ಜಹೀರಾಬಾದಿನ ಹೊರಗೆ ಹೊಸದಾಗಿ ವೈನ್ ಕಂಪನಿಯೊಂದು ಶುರುವಾದಾಗ, ದ್ರಾಕ್ಷಿ ಬೆಳೆಗಾರರ ಪರವಾಗಿ ಕರಾರು ಬರೆದ ವಕೀಲ ನಾನು. ಝರಾಸಂಗಂ ಕಡೆಯ ಒಬ್ಬ ಹಿರಿಯ ಬೆಳೆಗಾರ್ತಿಯ ಕರಾರಿನಲ್ಲಿ, ವೈನ್ ತಯಾರಾಗುವವರೆಗೂ ಮಾಲು ಅವರದೇ ಎಂದು ಬರೆಸಿದ್ದೆ. ನಾಳೆ ಕಂಪನಿ ಮುಳುಗಿದರೂ ಅವರ ಮಾಲು ಅವರಿಗೆ ಉಳಿಯಲಿ ಎಂದು ಕಂಪನಿಯವರೊಡನೆ ಜಗಳವಾಡಿ ಗೆದ್ದ ಮಾತು ಅದು.

ಓದಿ ಹೇಳಿದಾಗ ಅವರು ಕೊರಳಿನ ಲಿಂಗದ ಮೇಲೆ ಕೈಯಿಟ್ಟರು. "ಹಂಗಾರ ಅದು ಶೆರೆ ಆಗೋ ಹೊತ್ತಿನ್ಯಾಗ ನಂದೇ ಇರ್ತದೇನ್ರಿ, ವಕೀಲ್ ಸಾಬ್?"

"ಇರ್ತದ್ರಿ ಅವ್ವಾರ. ನಿಮ್ಮ ಚಲೋದಕ್ಕೇ ಬರ್ದೀನಿ."

"ಹಣ್ಣು ನಂದು, ರಸ ನಂದು. ಶೆರೆ ನಂದಲ್ಲ. ಹಂಗ ಬರೀರಿ."

ರಸ ಮದ್ಯವಾಗುವುದು, ಅವರ ಮಾತಿನಲ್ಲಿ ಶೆರೆಯಾಗುವುದು, ಯಾವ ಗಳಿಗೆಯಲ್ಲಿ? ಇಷ್ಟು ವರ್ಷ ಕರಾರು ಬರೆದ ನನಗೆ ಗೊತ್ತಿರಲಿಲ್ಲ. ಜಗಳವಾಡಿ ಗೆದ್ದದ್ದನ್ನು ಅಳಿಸಬೇಕಲ್ಲ ಎಂಬ ಸಿಟ್ಟಿನಲ್ಲೇ ಅವರನ್ನು ಕಾರ್ಖಾನೆಗೆ ಕರೆದುಕೊಂಡು ಹೋದೆ.

ಬೇರೆ ತೋಟದ ರಸ ತುಂಬಿದ ಉಕ್ಕಿನ ಟ್ಯಾಂಕಿಗೆ ಅವರು ಕಿವಿ ಹಚ್ಚಿದರು, ನನ್ನನ್ನೂ ಕರೆದರು. ತಣ್ಣನೆಯ ಉಕ್ಕಿನೊಳಗೆ ಏನೋ ಮೆಲ್ಲಗೆ ಚಿಟಿಚಿಟಿ ಎನ್ನುತ್ತಿತ್ತು. ಕೆಳಗೆ ಬೆಂಕಿಯಿಲ್ಲ, ಕಲಕುವವರಿಲ್ಲ. ಆದರೂ ಅಷ್ಟು ದೊಡ್ಡ ಟ್ಯಾಂಕು ಒಳಗೊಳಗೇ ಎಚ್ಚರಾಗುತ್ತಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ.

"ಉಸಿರು ಬಂದದ ನೋಡ್ರಿ," ಎಂದರು ಅವರು. "ಇದಕ್ಕಿಂತ ಮೊದಲ ನಾ ಕೈಬಿಡಬೇಕು."

ಅಲ್ಲೇ ನಿಂತು ತಿದ್ದಿದೆ: ಮೊದಲ ಗುಳ್ಳೆ ಏಳುವ ಮುನ್ನವೇ ರಸವು ಕಂಪನಿಗೆ ಸೇರತಕ್ಕದ್ದು. ಅವರು ಸಹಿ ಹಾಕಿ ಹೊರಟರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಇನ್ನೊಮ್ಮೆ ಟ್ಯಾಂಕಿಗೆ ಕಿವಿ ಹಚ್ಚಿ ನಿಂತರು.